25 ವರ್ಷ ಬೆಂಕಿ ಕಾಣದ ಪೈನ್ ತೋಪಿಗೆ ಮೊದಲ ಬೆಂಕಿ ಕೊಡುವುದು ಹೇಗೆ?

ಪ್ರಶ್ನೆ: ಅಮೆರಿಕದ ದಕ್ಷಿಣ ಜಾರ್ಜಿಯಾದಲ್ಲಿ ನಾವು ಕೊಂಡ ಜಮೀನಿನಲ್ಲಿ 15 ಎಕರೆ ಹಳೆಯ ಲಾಂಗ್‌ಲೀಫ್ ಪೈನ್ ತೋಪಿದೆ. ಕೆಲವು ಮರಗಳನ್ನು ತಬ್ಬಿದರೆ ಕೈ ಕೂಡುವುದಿಲ್ಲ. 25 ವರ್ಷದಿಂದ ಅಲ್ಲಿ ಬೆಂಕಿ ಬಿದ್ದಿಲ್ಲವಂತೆ. ಒಳಗೆ ನಡೆದರೆ ಹಾಸಿಗೆಯ ಮೇಲೆ ಕಾಲಿಟ್ಟ ಹಾಗೆ ದರಗು ಕುಸಿಯುತ್ತದೆ. ಪಕ್ಕದ 10 ಎಕರೆಯಲ್ಲಿ ಹಿಂದಿನ ಮಾಲೀಕರು ಮೂರು ವರ್ಷದ ಕೆಳಗೆ ಇದೇ ಜಾತಿಯ ಸಸಿ ನೆಟ್ಟಿದ್ದಾರೆ. ಅವು ಇನ್ನೂ ಹುಲ್ಲಿನ ಕುಚ್ಚಿನಂತೆಯೇ ಕೂತಿವೆ, ಮೇಲೇಳುವ ಸೂಚನೆಯೇ ಇಲ್ಲ. ನೆರೆಯವರು ಈ ಚಳಿಗಾಲದಲ್ಲಿ ಎರಡಕ್ಕೂ ಬೆಂಕಿ ಕೊಡಿ ಎನ್ನುತ್ತಾರೆ. ಬೆಂಕಿಯೆಂದರೆ ಕಾಡಿನ ಶತ್ರು ಎಂದೇ ಕೇಳುತ್ತ ಬೆಳೆದ ನಮಗೆ ಧೈರ್ಯ ಸಾಲದು. ಕೊಡಬಹುದೇ? ಕೊಡುವುದಾದರೆ ಹೇಗೆ?

ಉತ್ತರ: ಕೊಡಬಹುದು. ಈ ಜಾತಿಯ ಮರ ಉಳಿಯಬೇಕಾದರೆ ಕೊಡಲೇಬೇಕು. ಆದರೆ ಎರಡೂ ತುಂಡಿಗೆ ಒಂದೇ ದಿನ, ಒಂದೇ ರೀತಿಯಲ್ಲಿ ಕೊಟ್ಟರೆ ಮೊಣಕಾಲೆತ್ತರವೂ ಇಲ್ಲದ ಸಸಿಗಳು ಬದುಕಿ, ತಬ್ಬಿದರೆ ಕೈ ಕೂಡದ ಮರಗಳು ಸಾಯುವ ಸಾಧ್ಯತೆ ಹೆಚ್ಚು. ತಿರುಗಾಮುರುಗಾ ಹೇಳಿದಂತೆ ಕೇಳಿಸೀತು, ಆದರೆ ಲಾಂಗ್‌ಲೀಫ್ ತೋಪುಗಳಲ್ಲಿ ನಡೆದಿರುವುದೇ ಹೀಗೆ. ನಿಮ್ಮ ನೆರೆಯವರು ವರ್ಷ ಬಿಟ್ಟು ವರ್ಷ ಸುಡುವವರಾದರೆ ಅವರ ತೋಪಿನ ಮಟ್ಟಿಗೆ ಅವರ ಮಾತು ನೂರಕ್ಕೆ ನೂರು ಸರಿ. 25 ವರ್ಷದ ದರಗು ಹೊತ್ತ ನಿಮ್ಮ ತೋಪಿನ ಲೆಕ್ಕ ಬೇರೆ.

ಜೀವಕೋಶ ಸುಮಾರು 60 ಡಿಗ್ರಿ ಸೆಲ್ಸಿಯಸ್ ತಲುಪಿದರೆ ನಿಮಿಷದೊಳಗೆ ಸಾಯುತ್ತದೆ. ಮರದ ಮಟ್ಟಿಗೆ ಪ್ರಶ್ನೆ ಇಷ್ಟೇ: ತೊಗಟೆಯ ಒಳಗಿರುವ, ಮರವನ್ನು ದಪ್ಪ ಮಾಡುವ ಕ್ಯಾಂಬಿಯಂ ಎಂಬ ತೆಳು ಪದರಕ್ಕೆ ಆ ಬಿಸಿ ಮುಟ್ಟಲು ಎಷ್ಟು ಹೊತ್ತು ಬೇಕು? ಇದಕ್ಕೆ ಅರಣ್ಯ ವಿಜ್ಞಾನದಲ್ಲಿ ಬಳಕೆಯಲ್ಲಿರುವ ಒಂದು ಅಂದಾಜು ಸೂತ್ರವಿದೆ. ತೊಗಟೆಯ ದಪ್ಪವನ್ನು ಸೆಂಟಿಮೀಟರಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು 2.9ರಿಂದ ಗುಣಿಸಿದರೆ ಎಷ್ಟು ನಿಮಿಷ ಎಂಬುದು ಸಿಗುತ್ತದೆ. 1 ಸೆಂ.ಮೀ. ತೊಗಟೆ ಮೂರು ನಿಮಿಷ ತಡೆಯುತ್ತದೆ. 2 ಸೆಂ.ಮೀ. ಇದ್ದರೆ ಹನ್ನೆರಡು ನಿಮಿಷ. 4 ಸೆಂ.ಮೀ. ಇದ್ದರೆ ಮುಕ್ಕಾಲು ಗಂಟೆ. ಹುಲ್ಲು ಮತ್ತು ಒಣ ಸೂಜಿ ಎಲೆಯಲ್ಲಿ ಓಡುವ ಬೆಂಕಿ ಒಂದು ಜಾಗವನ್ನು ದಾಟಿಹೋಗಲು ಸಾಮಾನ್ಯವಾಗಿ ಒಂದು ನಿಮಿಷವೂ ಹಿಡಿಯುವುದಿಲ್ಲ. ಹಾಗಾಗಿ ಆಳೆತ್ತರದ ಜ್ವಾಲೆ ಬಂದು ಹೋದರೂ ಬಲಿತ ಮರದ ಬುಡಕ್ಕೆ ಏನೂ ಆಗುವುದಿಲ್ಲ.

ಈಗ ನಿಮ್ಮ ತೋಪಿನ ದೊಡ್ಡ ಮರವೊಂದರ ಬುಡಕ್ಕೆ ಹೋಗಿ, ಕೈಯಿಂದ ಕೆದಕಿ ನೋಡಿ. ಮೇಲೆ ಕಂದು ಬಣ್ಣದ, ಸಡಿಲವಾದ ಸೂಜಿ ಎಲೆ ಇರುತ್ತದೆ. ಇದು ಬರೀ ದರಗು. ಅದರ ಕೆಳಗೆ ಎಲೆಯ ಆಕಾರ ಅರ್ಧ ಉಳಿದ, ಬಿಳಿ ಶಿಲೀಂಧ್ರದ ಎಳೆಗಳು ಹೆಣೆದುಕೊಂಡ, ಚಾಪೆಯಂತೆ ಏಳುವ ಪದರ. ಅದರ ಕೆಳಗೆ ಕಾಫಿ ಪುಡಿಯಂತೆ ಕಪ್ಪಗೆ, ಎಲೆಯ ಗುರುತೇ ಇಲ್ಲದ ಪದರ. ಆಮೇಲೆ ಮರಳು ಮಣ್ಣು. ನಡುವಿನ ಈ ಎರಡು ಪದರಗಳನ್ನು ಸೇರಿಸಿ ಅರಣ್ಯದವರು ಡಫ್ ಎನ್ನುತ್ತಾರೆ. ಮರದಿಂದ ದೂರದಲ್ಲಿ ಅದು ಒಂದೆರಡು ಇಂಚು ಇದ್ದರೆ, ಬುಡದ ಸುತ್ತ ಉದುರಿದ ತೊಗಟೆಯ ಚಕ್ಕೆ, ಸೂಜಿ ಎಲೆ, ಕಾಯಿ ಎಲ್ಲ ಸೇರಿ ದಿಬ್ಬದಂತೆ ಏರಿರುತ್ತದೆ. ಆ ಕಪ್ಪು ಪದರವನ್ನು ಬೆರಳಿನಲ್ಲಿ ಬಿಡಿಸಿದರೆ ದಾರದಂಥ ಸಣ್ಣ ಬೇರುಗಳು ಸಿಗುತ್ತವೆ. ಬೆಂಕಿಯೇ ಬಾರದ ಇಷ್ಟು ವರ್ಷಗಳಲ್ಲಿ ಮರ ತನ್ನ ಉಣ್ಣುವ ಬೇರುಗಳನ್ನು ಮಣ್ಣಿನಿಂದ ಮೇಲಕ್ಕೆ, ಈ ತಂಪಾದ ಕೊಳೆ ಪದರದೊಳಕ್ಕೆ ತಂದುಕೊಂಡಿದೆ.

ಡಫ್ ಒಣಗಿದ ದಿನ ಬೆಂಕಿ ಕೊಟ್ಟರೆ ಜ್ವಾಲೆ ತನ್ನ ಪಾಡಿಗೆ ಮುಂದೆ ಹೋಗುತ್ತದೆ. ಬುಡದ ದಿಬ್ಬ ಮಾತ್ರ ಬೂದಿ ಮುಚ್ಚಿದ ಕೆಂಡವಾಗಿ ಒಳಗೊಳಗೇ ಗಂಟೆಗಟ್ಟಲೆ, ಒಮ್ಮೊಮ್ಮೆ ದಿನಗಟ್ಟಲೆ ಕಾಯುತ್ತಿರುತ್ತದೆ. ಮುಕ್ಕಾಲು ಗಂಟೆ ತಡೆಯುವ ತೊಗಟೆ ಹತ್ತು ಗಂಟೆಯ ಕೆಂಡಕ್ಕೆ ಏನು ಮಾಡೀತು? ಡಫ್‌ನೊಳಗಿದ್ದ ಬೇರುಗಳಂತೂ ಸುಟ್ಟೇ ಹೋಗುತ್ತವೆ, ಕೆಳಗಿನ ಮಣ್ಣಿನಲ್ಲಿದ್ದವೂ ಬೇಯುತ್ತವೆ. ಮರ ದೊಡ್ಡದಾದಷ್ಟೂ ದಿಬ್ಬ ದೊಡ್ಡದು, ಬೇರೂ ಅದರಲ್ಲಿ ಹೆಚ್ಚು. ಹಾಗಾಗಿ ತೋಪಿನಲ್ಲಿ ಮೊದಲು ಹೋಗುವುದು ಅತಿ ಹಳೆಯ ಮರಗಳು. ಫ್ಲಾರಿಡಾದ ಎಗ್ಲಿನ್ ವಾಯುನೆಲೆಯ ಲಾಂಗ್‌ಲೀಫ್ ಕಾಡುಗಳಲ್ಲಿ ಡಫ್ ಒಣಗಿದ್ದಾಗ, ಹದವಾಗಿದ್ದಾಗ, ಒದ್ದೆಯಿದ್ದಾಗ ಬೇರೆ ಬೇರೆಯಾಗಿ ಸುಟ್ಟು ಹೋಲಿಸಿದ ಪ್ರಯೋಗಗಳು ತೋರಿಸಿದ್ದೂ ಇದನ್ನೇ: ಮರ ಸಾಯುವುದನ್ನು ನಿರ್ಧರಿಸುವುದು ಸುಡುವ ದಿನ ಡಫ್‌ನಲ್ಲಿರುವ ತೇವ.

ಇದರಲ್ಲಿ ಮೋಸವೆಂದರೆ ಸಾವು ಕೂಡಲೇ ಕಾಣುವುದಿಲ್ಲ. ಆ ವರ್ಷ ಮರ ಹಸಿರಾಗಿಯೇ ಇರುತ್ತದೆ. ಮರುವರ್ಷ ನೆತ್ತಿ ತೆಳುವಾಗುತ್ತದೆ, ಹೊಸ ಸೂಜಿಗಳು ಗಿಡ್ಡವಾಗಿ ಬರುತ್ತವೆ. ಆಮೇಲೆ ಬುಡದಿಂದ ಐದಾರು ಅಡಿಯೊಳಗೆ ತೊಗಟೆಯ ಮೇಲೆ ಗೋಲಿ ಗಾತ್ರದ ರಾಳದ ಗಂಟುಗಳು ಕಾಣಿಸಿಕೊಳ್ಳುತ್ತವೆ. ಅದು ಬ್ಲ್ಯಾಕ್ ಟರ್ಪೆಂಟೈನ್ ಬೀಟಲ್ ಎಂಬ ತೊಗಟೆ ಹುಳದ ಕೆಲಸ. ಮಾಲೀಕರು ಹುಳಕ್ಕೆ ಬೈದು ಔಷಧಿ ಹುಡುಕಲು ಹೊರಡುತ್ತಾರೆ, ಎರಡು ವರ್ಷದ ಹಿಂದಿನ ಕೆಂಡ ಯಾರ ನೆನಪಿಗೂ ಬರುವುದಿಲ್ಲ.

ಹಾಗಾದರೆ ಸುಡದೆ ಬಿಟ್ಟುಬಿಟ್ಟರೆ? ಅದು ಇನ್ನೂ ಕೆಟ್ಟದ್ದು. ಡಫ್ ಬೆಳೆಯುತ್ತಲೇ ಹೋಗುತ್ತದೆ, ಕೆಳಗೆ ವಾಟರ್ ಓಕ್, ಸ್ವೀಟ್‌ಗಮ್, ಗಾಲ್‌ಬೆರಿ ಪೊದೆ ಕವಿಯುತ್ತವೆ, ಲಾಂಗ್‌ಲೀಫ್‌ನ ಒಂದು ಬೀಜವೂ ಮಣ್ಣು ಮುಟ್ಟುವುದಿಲ್ಲ. ಕೊನೆಗೊಂದು ದಿನ ಬರಗಾಲದ ಮೇ ತಿಂಗಳಲ್ಲಿ ಸಿಡಿಲು ಬೆಂಕಿ ಹಚ್ಚುತ್ತದೆ. ಆಗ ದಿನ ಆರಿಸುವ ಅಧಿಕಾರ ನಿಮ್ಮ ಕೈಯಲ್ಲಿ ಇರುವುದಿಲ್ಲ. ಯುರೋಪಿಯನ್ನರು ಬರುವ ಮುಂಚೆ ವರ್ಜೀನಿಯಾದಿಂದ ಪೂರ್ವ ಟೆಕ್ಸಾಸ್‌ವರೆಗೆ ಸುಮಾರು 9 ಕೋಟಿ ಎಕರೆ ಹರಡಿದ್ದ ಈ ಕಾಡು 1990ರ ದಶಕದ ಹೊತ್ತಿಗೆ ಸುಮಾರು 30 ಲಕ್ಷ ಎಕರೆಗೆ ಇಳಿದದ್ದು ಕೊಡಲಿಯಿಂದ ಮಾತ್ರ ಅಲ್ಲ. ಕಡಿದ ಮೇಲೆ ಮತ್ತೆ ಹುಟ್ಟಬೇಕಾದ ಸಸಿಗಳನ್ನು ಅಡ್ಡಾಡಿ ಹಂದಿಗಳು ಬೇರು ಸಮೇತ ತಿಂದವು. ಉಳಿದದ್ದನ್ನು ಬೆಂಕಿ ನಿಷೇಧ ಮುಗಿಸಿತು. 1920ರ ದಶಕದ ಕೊನೆಗೆ ಲಾರಿಗಳಲ್ಲಿ ಸಿನಿಮಾ ಯಂತ್ರ ಹೊತ್ತುಕೊಂಡು ಹಳ್ಳಿ ಹಳ್ಳಿ ತಿರುಗಿ ಬೆಂಕಿ ಹಚ್ಚಬೇಡಿ ಎಂದು ಬೋಧಿಸಿದ ತಂಡಗಳೇ ಇದ್ದವು. ಅದೇ ಹೊತ್ತಿನಲ್ಲಿ ಜಾರ್ಜಿಯಾ–ಫ್ಲಾರಿಡಾ ಗಡಿಯಲ್ಲಿ ಬಾಬ್‌ವೈಟ್ ಹಕ್ಕಿಯ ಅಧ್ಯಯನ ಮಾಡುತ್ತಿದ್ದ ಹರ್ಬರ್ಟ್ ಸ್ಟಾಡರ್ಡ್, ಬೆಂಕಿ ನಿಂತರೆ ಆ ಹಕ್ಕಿಯೂ ಉಳಿಯುವುದಿಲ್ಲ ಎಂದು ವಾದಿಸುತ್ತಿದ್ದರು. ಫ್ಲಾರಿಡಾದ ಆಸಿಯೋಲಾ ರಾಷ್ಟ್ರೀಯ ಅರಣ್ಯದಲ್ಲಿ ಸರ್ಕಾರವೇ ಅಧಿಕೃತವಾಗಿ ಬೆಂಕಿ ಕೊಡಲು ಒಪ್ಪಿದ್ದು 1943ರಲ್ಲಿ.

ಹಳೆಯ ತೋಪಿನ ವಿಷಯಕ್ಕೆ ಬರೋಣ. ಮೊದಲ ಬೆಂಕಿಯ ಗುರಿ ಒಂದೇ, ಮೇಲಿನ ಸಡಿಲ ದರಗು ಹೋಗಬೇಕು, ಡಫ್ ಹಾಗೆಯೇ ಉಳಿಯಬೇಕು. ಸುಟ್ಟ ಮೇಲೆ ನೆಲ ಅಲ್ಲಲ್ಲಿ ಚುಕ್ಕೆ ಚುಕ್ಕೆಯಾಗಿ ಕಂದಾಗಿಯೇ ಉಳಿದರೆ ಬೇಸರಪಡಬೇಡಿ, ಅದೇ ಒಳ್ಳೆಯ ಕೆಲಸ. 25 ವರ್ಷದ ಗಂಟನ್ನು ಒಂದೇ ದಿನ ಬಿಡಿಸಲು ಹೋದವರೇ ಮರ ಕಳೆದುಕೊಂಡಿರುವುದು.

ತಯಾರಿ ಅಕ್ಟೋಬರ್‌ನಲ್ಲೇ ಶುರುವಾಗಲಿ. ತುಂಡಿನ ಸುತ್ತ ಡಿಸ್ಕ್ ಅಥವಾ ನೇಗಿಲಿನಿಂದ 8ರಿಂದ 10 ಅಡಿ ಅಗಲದ ಬೆಂಕಿ ರೇಖೆ ಹೊಡೆಸಿ. ಬರಿ ಮಣ್ಣು ಕಾಣುವವರೆಗೆ ಆಗಬೇಕು, ಬೇರಿನ ಜಡೆಯೊಂದು ಅಡ್ಡ ಉಳಿದರೂ ಕೆಂಡ ಅದರಲ್ಲೇ ತೆವಳಿ ದಾಟುತ್ತದೆ. ಬೆಂಕಿ ಕೊಡುವ ಮುನ್ನಾದಿನ ರೇಖೆಯ ಮೇಲೆ ಉದುರಿದ ಹೊಸ ಎಲೆಯನ್ನು ಬ್ಲೋವರ್‌ನಿಂದ ಊದಿಸಿ. ರೇಖೆಯ ಹತ್ತಿರವಿರುವ ಒಣಮರಗಳನ್ನು ಗುರುತು ಹಾಕಿ ಕೆಡವಿ. ಅದು ನಿಂತಲ್ಲೇ ಹೊತ್ತಿಕೊಂಡರೆ ಮೇಲಿಂದ ಕಿಡಿ ತೂರುತ್ತದೆ, ಅಡ್ಡ ಬಿದ್ದರೆ ರೇಖೆಗೆ ಅದೇ ಸೇತುವೆ.

ಆಮೇಲೆ ಮರದ ಬುಡಗಳು. ಎಕರೆಗೆ 25 ದೊಡ್ಡ ಮರವೆಂದರೂ 15 ಎಕರೆಗೆ 375 ಆಯಿತು. ಒಂದಕ್ಕೆ ಐದು ನಿಮಿಷವಾದರೆ ಕುಂಟೆ ಹಿಡಿದು 31 ಗಂಟೆಯ ಕೆಲಸ. ಎಲ್ಲವನ್ನೂ ಮಾಡಲಾಗದಿದ್ದರೆ ಮೂರು ಬಗೆಯವನ್ನು ಬಿಡಬೇಡಿ: ದಿಬ್ಬ ನಾಲ್ಕು ಇಂಚಿಗಿಂತ ಎತ್ತರವಿರುವವು, ಹಿಂದೆ ಟರ್ಪೆಂಟೈನ್‌ಗಾಗಿ ಕೆತ್ತಿದ ಗಾಯದಲ್ಲಿ ರಾಳ ಗಟ್ಟಿಯಾಗಿರುವವು, ಪೊಟರೆ ಇರುವವು. ಬುಡದ ಸುತ್ತ ಮೂರು ಅಡಿಯಷ್ಟು ಸಡಿಲ ಸೂಜಿ, ತೊಗಟೆ ಚಕ್ಕೆ, ಕಾಯಿಗಳನ್ನು ಎಳೆದು ತೆಳುವಾಗಿ ಹರಡಿ. ಅಲ್ಲಿಗೇ ನಿಲ್ಲಿಸಿ. ಬಹಳ ಜನ ಉತ್ಸಾಹದಲ್ಲಿ ಕಪ್ಪು ಪದರವನ್ನೂ ಮಣ್ಣಿನವರೆಗೆ ಕೆರೆದುಬಿಡುತ್ತಾರೆ. ಅಲ್ಲಿದ್ದ ಬೇರು ಬೆಂಕಿಯಿಂದ ಹೋದರೇನು, ಕುಂಟೆಯಿಂದ ಹೋದರೇನು? ಎಳೆದ ದರಗನ್ನು ಉಂಗುರದಂತೆ ಗುಡ್ಡೆ ಹಾಕುವುದೂ ತಪ್ಪು, ಮೂರು ಅಡಿ ಆಚೆ ಹೊಸದೊಂದು ದಿಬ್ಬ ಮಾಡಿದಂತಾಗುತ್ತದೆ.

ಪೊಟರೆಯ ಕೆಳಗೆ ಮೇಣದಬತ್ತಿ ಕರಗಿ ಇಳಿದಂತೆ ಬಿಳಿ ರಾಳ ಹರಿದಿದ್ದರೆ ಅದು ರೆಡ್-ಕಾಕೇಡೆಡ್ ಮರಕುಟಿಗದ ಮನೆಯಿರಬಹುದು. ಕೇಂದ್ರ ಕಾನೂನಿನ ರಕ್ಷಣೆಯಲ್ಲಿರುವ ಹಕ್ಕಿ ಅದು. ಆ ರಾಳ ಬತ್ತಿಯಂತೆ ಹೊತ್ತಿಕೊಳ್ಳುತ್ತದೆ. ಅಂಥ ಮರದ ಸುತ್ತ ಕನಿಷ್ಠ 10 ಅಡಿ ಕುಂಟೆ ಎಳೆಯಬೇಕು, ಮತ್ತು ರಾಜ್ಯದ ವನ್ಯಜೀವಿ ಅಧಿಕಾರಿಗಳ ಜೊತೆ ಮಾತಾಡದೆ ಬೆಂಕಿ ಮುಟ್ಟಬಾರದು.

ದಿನ ಆರಿಸುವುದೇ ಮುಕ್ಕಾಲು ಪಾಲು ಕೆಲಸ. ಡಿಸೆಂಬರ್‌ನಿಂದ ಫೆಬ್ರುವರಿಯೊಳಗೆ ಒಂದು ಇಂಚಿನಷ್ಟು ಮಳೆ ಬೀಳಲಿ. ಶೀತ ಮಾರುತ ದಾಟಿದ ಮೇಲೆ ವಾಯವ್ಯದಿಂದ ದಿಕ್ಕು ಬದಲಿಸದ ಗಾಳಿ ಒಂದೆರಡು ದಿನ ಬೀಸುತ್ತದೆ. ಆ ಕಿಟಕಿಯೇ ನಿಮಗೆ ಬೇಕಾದದ್ದು. ಮೇಲಿನ ದರಗು ಒಣಗಿರಬೇಕು, ಕೆಳಗಿನ ಡಫ್ ಒದ್ದೆಯಿರಬೇಕು. ಪರೀಕ್ಷೆ ಸುಲಭ: ಐದಾರು ಮರದ ಬುಡದಿಂದ ಕಪ್ಪು ಪದರವನ್ನು ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಬಿಗಿಯಾಗಿ ಹಿಂಡಿ. ನೀರು ಜಿನುಗಿದರೆ, ಕನಿಷ್ಠ ಅಂಗೈ ಒದ್ದೆಯಾಗಿ ಉಂಡೆ ನಿಂತರೆ ಸರಿ. ಪುಡಿ ಪುಡಿಯಾಗಿ ಉದುರಿದರೆ ಆ ದಿನ ಮನೆಗೆ ಹೋಗಿ. ಸಡಿಲ ಎಲೆಯ ಮೇಲೆ ಮಳೆ ಬಿದ್ದದ್ದೆಲ್ಲ ಕೆಳಗಿಳಿದಿರುತ್ತದೆ ಎಂದುಕೊಳ್ಳಬೇಡಿ. ಒಮ್ಮೆ ಚೆನ್ನಾಗಿ ಒಣಗಿದ ಡಫ್ ನೀರನ್ನು ಬೇಗ ಹೀರುವುದಿಲ್ಲ. ಜಾರ್ಜಿಯಾದ ಹವಾ ಮುನ್ಸೂಚನೆಯಲ್ಲಿ ಕೀಚ್-ಬೈರಮ್ ಬರ ಸೂಚ್ಯಂಕವನ್ನೂ ಕೊಡುತ್ತಾರೆ. ಅದು 0ಯಿಂದ 800ರವರೆಗಿನ ಅಳತೆ, 0 ಎಂದರೆ ಮಣ್ಣು ತುಂಬ ಒದ್ದೆ. ಮೊದಲ ಬೆಂಕಿಗೆ 200 ದಾಟಿದ್ದರೆ ಕಾಯುವುದು ಲೇಸು.

ಗಾಳಿಯಲ್ಲಿನ ತೇವ ಶೇ. 40ರಿಂದ 55, ಉಷ್ಣತೆ 60 ಫ್ಯಾರನ್‌ಹೀಟ್ ಅಂದರೆ 15 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ, ಮರಗಳ ನಡುವೆ ಕಣ್ಣೆತ್ತರದಲ್ಲಿ ಗಂಟೆಗೆ 1ರಿಂದ 3 ಮೈಲಿ ವೇಗದ ಗಾಳಿ. ಹೊಸಬರು ತಪ್ಪುವುದು ಈ ಕೊನೆಯದರಲ್ಲಿ. ಗಾಳಿಯೇ ಇಲ್ಲದ ದಿನ ಸುರಕ್ಷಿತವೆಂದು ಅದನ್ನೇ ಹುಡುಕುತ್ತಾರೆ. ಗಾಳಿ ಇಲ್ಲದಿದ್ದರೆ ಬಿಸಿ ನೇರವಾಗಿ ಮೇಲೇರಿ ನೆತ್ತಿಯ ಸೂಜಿಗಳನ್ನು ಬೇಯಿಸುತ್ತದೆ, ಬೆಂಕಿಗೂ ದಿಕ್ಕಿರುವುದಿಲ್ಲ, ಮನ ಬಂದತ್ತ ತಿರುಗುತ್ತದೆ. ಸ್ವಲ್ಪ ಗಾಳಿಯಿದ್ದರೆ ಬಿಸಿ ಓರೆಯಾಗಿ ಚದುರಿ ತಣ್ಣಗಾಗುತ್ತದೆ.

ಸಾಮಾನುಗಳ ವಿಷಯ ಚುಟುಕಾಗಿ: ಉರಿಯುವ ಎಣ್ಣೆಯನ್ನು ತೊಟ್ಟಿಕ್ಕಿಸುತ್ತ ಬೆಂಕಿ ಹಚ್ಚುವ ಡಬ್ಬಿಯಾದ ಡ್ರಿಪ್ ಟಾರ್ಚ್‌ಗೆ ಮೂರು ಪಾಲು ಡೀಸೆಲ್, ಒಂದು ಪಾಲು ಪೆಟ್ರೋಲ್. ಪೆಟ್ರೋಲ್ ಹೆಚ್ಚಾದರೆ ಭಗ್ಗೆಂದು ಹೊತ್ತಿ ಅಲ್ಲೇ ಮುಗಿಯುತ್ತದೆ, ಅಪಾಯ ಬೇರೆ. ಬೆನ್ನಿಗೆ ಹಾಕುವ 5 ಗ್ಯಾಲನ್ ನೀರಿನ ಪಂಪು ಎರಡು, ಕುಂಟೆಗಳು, ಬೆಂಕಿ ಬಡಿಯುವ ರಬ್ಬರ್ ಪಟ್ಟಿಗಳು, ಗಾಡಿಯ ಮೇಲೆ ಕನಿಷ್ಠ 200 ಗ್ಯಾಲನ್ ನೀರಿನ ಟ್ಯಾಂಕು. ಐದು ಜನ ಬೇಕು. ಚರ್ಮದ ಬೂಟು, ಹತ್ತಿಯ ಅಥವಾ ಬೆಂಕಿ ತಡೆಯುವ ಬಟ್ಟೆ. ನೈಲಾನ್ ಬಟ್ಟೆ ಕರಗಿ ಮೈಗೆ ಅಂಟುತ್ತದೆ.

ಗಾಳಿ ಹೋಗುವ ದಿಕ್ಕಿನ ಮೂಲೆಯಲ್ಲಿ, ರೇಖೆಯ ಒಳಗೆ 10 ಅಡಿ ಚೌಕಕ್ಕೆ ಮೊದಲು ಬೆಂಕಿ ಕೊಡಿ. ಇಪ್ಪತ್ತು ನಿಮಿಷ ಸುಮ್ಮನೆ ನೋಡಿ, ಆಮೇಲೆ ಅಲ್ಲಿ ಕೆದಕಿ. ಡಫ್ ಕಪ್ಪಗೆ ಒದ್ದೆಯಾಗಿಯೇ ಇದೆಯೇ, ಕೆಂಡ ಇಳಿದಿದೆಯೇ? ಇಳಿದಿದ್ದರೆ ಆರಿಸಿ, ಕಾರ್ಯಕ್ರಮ ರದ್ದು. ಜನ ಬಂದಿದ್ದಾರೆ, ಪರವಾನಗಿ ಸಿಕ್ಕಿದೆ, ಊಟ ತಂದಾಗಿದೆ ಎಂಬ ಕಾರಣಕ್ಕೆ ಮುಂದುವರಿದ ಬೆಂಕಿಗಳೇ ಹೆಚ್ಚು ಕೆಟ್ಟಿರುವುದು.

ಸರಿಯಿದ್ದರೆ ಅದೇ ಬದಿಯ ರೇಖೆಯುದ್ದಕ್ಕೂ ಹಚ್ಚಿ. ಗಾಳಿಗೆ ಎದುರಾಗಿ ಮೆಲ್ಲನೆ ತೆವಳುವ ಎದುರುಗಾಳಿ ಬೆಂಕಿ ಇದು. ಗಂಟೆಗೆ 66ರಿಂದ 200 ಅಡಿ ನಡೆಯುತ್ತದೆ. ನಿಮ್ಮ ತುಂಡು ಚೌಕವಾಗಿದ್ದರೆ ಒಂದು ಬದಿ ಸುಮಾರು 800 ಅಡಿ. ಇದೇ ವೇಗದಲ್ಲಿ ಪೂರ್ತಿ ದಾಟಲು 4ರಿಂದ 12 ಗಂಟೆ ಬೇಕು, ಚಳಿಗಾಲದ ಹಗಲು ಸಾಲದು. ಅಲ್ಲದೆ ತೆವಳುವ ಬೆಂಕಿ ನೆತ್ತಿಗೆ ಒಳ್ಳೆಯದಾದರೂ ಒಂದೊಂದು ಜಾಗದಲ್ಲಿ ಹೆಚ್ಚು ಹೊತ್ತು ಕೂರುತ್ತದೆ, ಡಫ್‌ಗೆ ಅದು ಬೇಡ. ಆದ್ದರಿಂದ ಆ ಬದಿಯಲ್ಲಿ 60 ಅಡಿಯಷ್ಟು ಕಪ್ಪಾದ ಮೇಲೆ, ಗಾಳಿ ಬರುವ ಕಡೆಗೆ ಹಿಂದೆ ಸರಿಯುತ್ತ 15–20 ಅಡಿಗೊಂದು ಸಾಲು ಹಚ್ಚುತ್ತ ಬನ್ನಿ. ಪ್ರತಿ ಸಾಲೂ ಗಾಳಿಯ ಜೊತೆ ಆ 15 ಅಡಿ ಓಡಿ ಸುಟ್ಟ ನೆಲ ಮುಟ್ಟಿ ನಿಲ್ಲುತ್ತದೆ. ಜ್ವಾಲೆ ಮೊಣಕಾಲಿನ ಮಟ್ಟದಲ್ಲಿರಬೇಕು. ಸೊಂಟಕ್ಕೆ ಬಂದರೆ ಸಾಲುಗಳನ್ನು ಇನ್ನೂ ಹತ್ತಿರ ಮಾಡಿ. ಬೇಗ ಮುಗಿಯಲಿ ಎಂದು ಸಾಲು ಅಗಲ ಮಾಡಿದರೆ ಬೆಂಕಿಗೆ ಓಡಲು ಜಾಗ ಕೊಟ್ಟಂತೆ, ಜ್ವಾಲೆ ಏರುತ್ತದೆ. ಎರಡು ಬೆಂಕಿ ಕೂಡುವಲ್ಲಿ ಜ್ವಾಲೆ ಹಠಾತ್ತನೆ ಮೇಲೇಳುತ್ತದೆ. ಆ ಕೂಡುವ ಗೆರೆ ದೊಡ್ಡ ಮರದ ಕೆಳಗೆ ಬರದಂತೆ ಟಾರ್ಚ್ ಹಿಡಿದವರು ಕಣ್ಣಿಟ್ಟಿರಬೇಕು.

ಜ್ವಾಲೆ ಆರಿದ ಮೇಲೆ ಈ ತೋಪಿನ ಮಟ್ಟಿಗೆ ಅರ್ಧ ಕೆಲಸ ಮಾತ್ರ ಮುಗಿದಿರುತ್ತದೆ. ಸಂಜೆ ಒಮ್ಮೆ, ಮರುದಿನ ಬೆಳಕು ಹರಿಯುವಾಗ ಒಮ್ಮೆ ಪ್ರತಿ ದೊಡ್ಡ ಮರವನ್ನೂ ಸುತ್ತಿ ಬನ್ನಿ. ಬೆಳಗಿನ ತಣ್ಣನೆ ಗಾಳಿಯಲ್ಲಿ ನೂಲಿನಂಥ ಹೊಗೆಯೂ ಕಾಣುತ್ತದೆ. ಹೊಗೆ ಕಂಡಲ್ಲಿ ಬರೀ ನೀರು ಸುರಿದರೆ ಅದು ಮೇಲೆಯೇ ಜಾರಿ ಹೋಗುತ್ತದೆ. ಕುಂಟೆಯಿಂದ ಕೆಂಡ ಬಿಡಿಸಿ, ನೀರು ಹಾಕಿ, ಕಲಸಿ, ಮತ್ತೆ ನೀರು ಹಾಕಿ, ಕೈಯ ಹಿಂಬದಿಯನ್ನು ಹತ್ತಿರ ಹಿಡಿದು ಬಿಸಿ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ನೀರಿಗೆ ಸ್ವಲ್ಪ ಫೋಮ್ ಬೆರೆಸಿದರೆ ಬೇಗ ಒಳಗಿಳಿಯುತ್ತದೆ. ಮೂರು ದಿನ ಹೀಗೆ ಮಾಡಬೇಕು.

ಒಂದೆರಡು ವಾರದಲ್ಲಿ ಸೂಜಿಗಳು ಕಂದಾದರೆ ಹೆದರಿ ಗರಗಸದವರನ್ನು ಕರೆಯಬೇಡಿ. ಬಿಸಿ ತಾಗಿ ಕಂದಿದ ಸೂಜಿ ಬೇರೆ, ಉರಿದು ಇಲ್ಲವಾದ ಸೂಜಿ ಬೇರೆ. ಸೂಜಿ ಕಂದಿದ್ದರೂ ಕೊಂಬೆಯ ತುದಿಯ ದಪ್ಪ ಬಿಳಿ ಮೊಗ್ಗು ಸಾಮಾನ್ಯವಾಗಿ ಬದುಕಿರುತ್ತದೆ, ವಸಂತದಲ್ಲಿ ಹೊಸ ಸೂಜಿ ಬರುತ್ತದೆ. ನೆತ್ತಿಯೆಲ್ಲ ಕಂದಿದ ಲಾಂಗ್‌ಲೀಫ್ ಕೂಡ ಚೇತರಿಸಿಕೊಳ್ಳುವುದುಂಟು. ಸೂಜಿ ಸುಟ್ಟು ಬರಿ ಕೊಂಬೆ ಉಳಿದಿದ್ದರೆ ಮಾತ್ರ ಮೊಗ್ಗೂ ಹೋಗಿರುವ ಸಂಭವ ಹೆಚ್ಚು.

ಇನ್ನು ಸಸಿಗಳು. ಅವು ಬೆಳೆಯುತ್ತಿಲ್ಲ ಎಂದಿರಿ, ಬೆಳೆಯುತ್ತಿವೆ, ಕೆಳಕ್ಕೆ. ಲಾಂಗ್‌ಲೀಫ್ ಮೊದಲ ಕೆಲವು ವರ್ಷ ಕಾಂಡ ಎತ್ತುವುದೇ ಇಲ್ಲ, ಬೇರು ಇಳಿಸುತ್ತದೆ. ಇದಕ್ಕೆ ಹುಲ್ಲಿನ ಹಂತ ಎಂದೇ ಹೆಸರು. ಕುಚ್ಚನ್ನು ಎರಡೂ ಕೈಯಿಂದ ಬಿಡಿಸಿ ನೋಡಿದರೆ ನೆಲಕ್ಕೆ ತಾಗಿದಂತೆ ಬೆಳ್ಳಿ ಬಣ್ಣದ ರೋಮದಂಥ ಹೊದಿಕೆಯೊಳಗೆ ಸುಳಿ ಕೂತಿರುತ್ತದೆ. ಬೆಂಕಿ ಬಂದಾಗ ಸುತ್ತಲಿನ ಉದ್ದ ಹಸಿ ಸೂಜಿಗಳು ತುದಿಯಿಂದ ಒಳಕ್ಕೆ ಉರಿಯುತ್ತ ಬರುತ್ತವೆ. ಅವುಗಳ ನೀರು ಆವಿಯಾಗಿ ಬಿಸಿಯನ್ನು ನುಂಗುತ್ತದೆ. ಸುಳಿಗೆ ಶಾಖ ಮುಟ್ಟುವಷ್ಟರಲ್ಲಿ ಬೆಂಕಿ ಮುಂದೆ ಹೋಗಿರುತ್ತದೆ. ಹಾಗಾಗಿ ಇಲ್ಲಿ ಗಾಳಿಯ ಜೊತೆ ಬೇಗ ಓಡಿಹೋಗುವ ಬೆಂಕಿಯೇ ವಾಸಿ. ದೊಡ್ಡ ಮರಕ್ಕೂ ಸಸಿಗೂ ನಿಯಮ ಒಂದೇ, ಎಷ್ಟು ಹೊತ್ತು ಎಂಬುದೇ ಲೆಕ್ಕ. ಸಸಿಯ ಬುಡದಲ್ಲಿ ಡಫ್ ಇಲ್ಲ, ಅಷ್ಟೇ ವ್ಯತ್ಯಾಸ.

ಆದರೆ ಎಲ್ಲ ಸಸಿಗೂ ಈ ಕವಚ ಇರುವುದಿಲ್ಲ. ತುಂಡಿನಲ್ಲಿ ಅಲ್ಲಲ್ಲಿ ಐವತ್ತು ಸಸಿ ಆರಿಸಿ, ಮಣ್ಣಿನ ಮಟ್ಟದಲ್ಲಿ ಬುಡದ ದಪ್ಪ ಅಳೆಯಿರಿ. ಪೆನ್ಸಿಲಿನಷ್ಟೂ ದಪ್ಪವಿಲ್ಲದವು ಬೆಂಕಿ ತಾಳುವುದಿಲ್ಲ. ಅಂಥವೇ ಹೆಚ್ಚಿದ್ದರೆ ಈ ವರ್ಷ ಬಿಡಿ. ಬುಡ ಸುಮಾರು ಒಂದು ಇಂಚು ದಪ್ಪವಾದಾಗ ಸುಳಿ ಮೇಲೇಳುತ್ತದೆ, ಮೇಣದಬತ್ತಿಯಂತೆ ಬೆಳ್ಳಗೆ ನೆಟ್ಟಗೆ. ಅಲ್ಲಿಂದ ನಾಲ್ಕೈದು ಅಡಿ ಎತ್ತರವಾಗುವವರೆಗೆ ಅದರ ಆಯುಷ್ಯದಲ್ಲೇ ಅತಿ ನಾಜೂಕಿನ ಕಾಲ. ಸುಳಿ ಸರಿಯಾಗಿ ಜ್ವಾಲೆಯ ಎತ್ತರಕ್ಕೆ ಬಂದಿರುತ್ತದೆ, ತೊಗಟೆ ಇನ್ನೂ ತೆಳು. ಮೇಣದಬತ್ತಿಗಳು ಎದ್ದ ವಸಂತದಲ್ಲಿ ಬೆಂಕಿ ಬೇಡವೇ ಬೇಡ. ತುಂಡಿನ ಹೆಚ್ಚಿನ ಸಸಿಗಳು ಈ ಹಂತದಲ್ಲಿದ್ದರೆ ಒಂದೆರಡು ವರ್ಷ ಕಾಯಿರಿ.

ಸಸಿಗಳು ಹುಲ್ಲಿನ ಹಂತದಲ್ಲೇ ಸಿಕ್ಕಿಹಾಕಿಕೊಳ್ಳಲು ಎರಡು ಕಾರಣ. ಒಂದು, ಸುತ್ತಲಿನ ಕಳೆ ಮತ್ತು ಪೊದೆ. ಇನ್ನೊಂದು ಬ್ರೌನ್ ಸ್ಪಾಟ್ ಎಂಬ ಶಿಲೀಂಧ್ರ ರೋಗ. ಸೂಜಿಯ ಮೇಲೆ ಹಳದಿ ಅಂಚಿನ ಕಂದು ಪಟ್ಟಿಗಳು, ತುದಿ ಒಣಗಿರುವುದು ಅದರ ಗುರುತು. ಮಳೆಹನಿ ನೆಲಕ್ಕೆ ಬಡಿದು ಚಿಮ್ಮುವಾಗ ಒಂದು ಸೂಜಿಯಿಂದ ಇನ್ನೊಂದಕ್ಕೆ ಹಬ್ಬುತ್ತದೆ, ಅದಕ್ಕೇ ನೆಲಕ್ಕಂಟಿದ ಸಸಿಗೇ ಕಾಟ. ಐವತ್ತರಲ್ಲಿ ಹತ್ತು ಹದಿನೈದು ಸಸಿಗೆ ರೋಗ ಗಟ್ಟಿಯಾಗಿ ಹಿಡಿದಿದ್ದರೆ ಚಳಿಗಾಲದ ಬೆಂಕಿಗಿಂತ ಸುಲಭದ ಔಷಧಿ ಇಲ್ಲ. ರೋಗದ ಸೂಜಿಗಳೆಲ್ಲ ಉರಿದು, ವಸಂತದಲ್ಲಿ ಶುದ್ಧ ಹೊಸ ಸೂಜಿ ಬರುತ್ತದೆ. ರೋಗ ತೀರಾ ಹೆಚ್ಚಿ ಹಸಿರೇ ಉಳಿಯದ ಸಸಿಗೆ ಮಾತ್ರ ಸುಳಿ ಕಾಯಲು ಏನೂ ಇರುವುದಿಲ್ಲ, ಅದು ಸುಟ್ಟುಹೋಗುತ್ತದೆ. ಆದ್ದರಿಂದ ರೋಗ ಪೂರ್ತಿ ಆವರಿಸುವ ಮೊದಲೇ ಕೊಡಬೇಕು. ಎದೆಯೆತ್ತರದ ಒಣಹುಲ್ಲು ದಟ್ಟವಾಗಿ ನಿಂತಿದ್ದರೆ ಅದು ಸಸಿಗೆ ತಡೆಯದಷ್ಟು ಬಿಸಿ. ಆಗ ತೇವ ಹೆಚ್ಚಿರುವ ದಿನ ಆರಿಸಿ.

ಪರವಾನಗಿ, ಹೊಗೆ, ಹೊಣೆ. ಜಾರ್ಜಿಯಾದಲ್ಲಿ ಎಕರೆಗಟ್ಟಲೆ ಸುಡಲು ಜಾರ್ಜಿಯಾ ಫಾರೆಸ್ಟ್ರಿ ಕಮಿಷನ್‌ನ ಪರವಾನಗಿ ಆಯಾ ದಿನಕ್ಕೆ ಬೇಕು. ಫೋನಿನಲ್ಲೋ ಅಂತರ್ಜಾಲದಲ್ಲೋ ಸಿಗುತ್ತದೆ. 1992ರ ಬೆಂಕಿ ಕಾನೂನು ನಿಯಮ ಪಾಲಿಸಿ ಸುಡುವವರ ಬೆನ್ನಿಗಿದೆ, ಆದರೆ ಘೋರ ನಿರ್ಲಕ್ಷ್ಯಕ್ಕೆ ರಕ್ಷಣೆ ಇಲ್ಲ. ಮೊದಲ ಬೆಂಕಿಗೆ ತರಬೇತಿ ಪಡೆದು ಪ್ರಮಾಣಪತ್ರ ಹೊಂದಿರುವ ಬೆಂಕಿ ನಿರ್ವಾಹಕರನ್ನು ನೇಮಿಸಿಕೊಳ್ಳಿ, ನೀವು ಕುಂಟೆ ಹಿಡಿದು ಜೊತೆಯಲ್ಲಿರಿ. ಡಫ್ ಬಗ್ಗೆ ಅವರ ಲೆಕ್ಕಾಚಾರವೇನು ಎಂದು ಮೊದಲೇ ಕೇಳಿ. ಮುಷ್ಟಿಯ ಪರೀಕ್ಷೆಯಂಥ ಯಾವುದನ್ನೂ ಹೇಳದೆ ತೇವ, ಗಾಳಿ ಎಂದಷ್ಟೇ ಹೇಳಿದರೆ ಬೇರೊಬ್ಬರನ್ನು ಹುಡುಕಿ.

ಹೊಗೆಯನ್ನು ಜನ ಹಗಲಿನದೆಂದು ತಿಳಿಯುತ್ತಾರೆ. ಅಪಾಯ ರಾತ್ರಿಯದು. ಕೆಂಡದ ಹೊಗೆ ತಣ್ಣನೆ ಗಾಳಿಯ ಜೊತೆ ತಗ್ಗಿಗೆ ಇಳಿದು, ಮಂಜಿನ ಜೊತೆ ಸೇರಿ ರಸ್ತೆಯ ಮೇಲೆ ಗೋಡೆಯಂತೆ ನಿಲ್ಲುತ್ತದೆ. 2012ರ ಜನವರಿ 29ರ ನಸುಕಿನಲ್ಲಿ ಫ್ಲಾರಿಡಾದ ಗೇನ್ಸ್‌ವಿಲ್ ಬಳಿ ಐ-75 ಹೆದ್ದಾರಿಯಲ್ಲಿ ಕಾಡ್ಗಿಚ್ಚಿನ ಹೊಗೆ ಮತ್ತು ಮಂಜು ಸೇರಿ ಕಣ್ಣು ಕಾಣದೆ ವಾಹನಗಳು ಒಂದಕ್ಕೊಂದು ಡಿಕ್ಕಿ ಹೊಡೆದು 11 ಜನ ಸತ್ತರು. ನಿಮ್ಮ ತಗ್ಗಿನ ಕಡೆ ರಸ್ತೆಯಿದ್ದರೆ ಆ ರಾತ್ರಿ ಯಾರಾದರೂ ಅಲ್ಲಿ ಹೋಗಿ ನೋಡಬೇಕು. ಒದ್ದೆ ಡಫ್‌ನ ದಿನ ಸುಟ್ಟರೆ ಈ ತೊಂದರೆಯೂ ಬಹುಪಾಲು ತಪ್ಪುತ್ತದೆ.

ಮುಂದಿನ ಚಳಿಗಾಲ ಅಥವಾ ಅದರ ಮುಂದಿನದು, ಹಳೆಯ ತೋಪಿಗೆ ಎರಡನೆಯ ಬೆಂಕಿ, ಇದೇ ಕ್ರಮದಲ್ಲಿ. ಪ್ರತಿ ಸಲವೂ ಡಫ್‌ನ ಮೇಲಿಂದ ಸ್ವಲ್ಪ ಕರಗುತ್ತದೆ, ಬೇರುಗಳು ಮತ್ತೆ ಮಣ್ಣಿಗೆ ಇಳಿಯಲು ಕಾಲಾವಕಾಶ ಸಿಗುತ್ತದೆ. ಮಣಿಕಟ್ಟಿಗಿಂತ ದಪ್ಪನೆಯ ವಾಟರ್ ಓಕ್, ಸ್ವೀಟ್‌ಗಮ್ ಮರಗಳು ಈ ತಣ್ಣನೆ ಬೆಂಕಿಗೆ ಜಗ್ಗುವುದಿಲ್ಲ; ಅವನ್ನು ಗರಗಸದಿಂದಲೇ ತೆಗೆದು, ಕೊರಡು ಚಿಗುರದಂತೆ ಮದ್ದು ಹಚ್ಚಬೇಕು. ಒಣಎಲೆಯನ್ನು ಮಲ್ಚ್‌ಗೆ ಮಾರುವ ಆಸೆ ಇದ್ದರೆ ಸಸಿಯ ತುಂಡಿನಲ್ಲಿ ಮುಂದೆಂದಾದರೂ ಯೋಚಿಸಿ. ಪ್ರತಿವರ್ಷ ಎಲೆ ಎಳೆದ ತೋಪಿನಲ್ಲಿ ಬೆಂಕಿ ಓಡಲು ಏನೂ ಉಳಿಯುವುದಿಲ್ಲ, ನೆಲದ ಹುಲ್ಲೂ ಹೋಗುತ್ತದೆ.

ನಾಲ್ಕೈದು ಬೆಂಕಿಯಾದ ಮೇಲೆ ದೊಡ್ಡ ಮರದ ಬುಡದಲ್ಲಿ ಕೆದಕಿ. ಒಂದು ಇಂಚಿನೊಳಗೆ ಮರಳು ಮಣ್ಣು ಸಿಕ್ಕರೆ ಸಮಯ ಬದಲಿಸಬಹುದು: ಏಪ್ರಿಲ್‌ನಿಂದ ಜೂನ್, ಇಲ್ಲಿ ಸಿಡಿಲು ಸಹಜವಾಗಿ ಬೆಂಕಿ ಹಚ್ಚುವ ಕಾಲ. ಆಗ ಪೊದೆಗಳು ಚಿಗುರೊಡೆದು ಬೇರಿನ ದಾಸ್ತಾನು ಖರ್ಚಾಗಿರುತ್ತದೆ, ಸುಟ್ಟರೆ ಮತ್ತೆ ಏಳುವ ಶಕ್ತಿ ಕಡಿಮೆ. ಈ ತೋಪಿನ ನಿಜವಾದ ನೆಲಹಾಸಾದ ವೈರ್‌ಗ್ರಾಸ್ ಹುಲ್ಲು ಚೆನ್ನಾಗಿ ಹೂಬಿಟ್ಟು ಬೀಜ ಕಟ್ಟುವುದೂ ಬೆಳೆಯುವ ಕಾಲದಲ್ಲಿ ಬೆಂಕಿ ಬಿದ್ದ ವರ್ಷವೇ. ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಸುಟ್ಟರೆ ಸಾಕು.

ಹೊಸ ಸಸಿ ತಾನಾಗಿ ಹುಟ್ಟಬೇಕೆಂದರೆ ಆ ಹೊತ್ತಿಗೆ ವಸಂತದಲ್ಲಿ ಬೈನಾಕ್ಯುಲರ್ ಹಿಡಿದು ಹಸಿರು ಕಾಯಿ ಎಣಿಸಲು ಶುರು ಮಾಡಿ. ಲಾಂಗ್‌ಲೀಫ್ ಪ್ರತಿವರ್ಷ ಬೀಜ ಕೊಡುವುದಿಲ್ಲ, ಒಳ್ಳೆಯ ಫಸಲು ಐದಾರು ವರ್ಷಕ್ಕೊಮ್ಮೆ. ಎಕರೆಗೆ 750 ಕಾಯಿ, ಅಂದರೆ ಎಕರೆಗೆ 25 ಮರವಿದ್ದರೆ ಮರಕ್ಕೆ 30 ಕಾಯಿ ಕಂಡರೆ ಆ ವರ್ಷವನ್ನು ಬಿಡಬೇಡಿ. ಬೀಜ ಉದುರುವುದು ಅಕ್ಟೋಬರ್ ಕೊನೆಯಿಂದ ನವೆಂಬರ್‌ವರೆಗೆ, ಬಿದ್ದ ಕೆಲವೇ ವಾರದಲ್ಲಿ ಮೊಳೆಯುತ್ತದೆ. ಬೇಸಿಗೆ ಮುಗಿಯುವ ಮೊದಲೇ ಬೆಂಕಿ ಕೊಟ್ಟು ಬರಿ ಮಣ್ಣು ತೋರಿಸಿ, ಮೊಳೆತ ಮೇಲೆ ಎರಡು ಚಳಿಗಾಲ ಆ ತುಂಡಿಗೆ ಬೆಂಕಿ ಮುಟ್ಟಿಸಬೇಡಿ.